ಸುಭದ್ರೆಗೆ ಹೇಳಿದ ಮಾತು

ಮುಂಬಯಿಯ ಹೋಟೆಲುಗಳಲ್ಲಿ ಮೇಜು ಒರೆಸಿದ ನಮ್ಮ ಕರಾವಳಿಯ ಹುಡುಗರ ಬಗ್ಗೆ ಬರೆಯುವಾಗ ಎಲ್ಲರೂ ರಾತ್ರಿಶಾಲೆಯನ್ನು ನೆನೆಯುತ್ತಾರೆ. ನೆನೆಯಬೇಕಾದ್ದೇ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ಹಗಲು ದುಡಿಯುವ ಮಕ್ಕಳಿಗೆ ರಾತ್ರಿ ಪಾಠ ಹೇಳಿಸಿದವು. ಆದರೆ ಆ ಹುಡುಗರಿಗೆ ಇನ್ನೊಂದು ಶಾಲೆಯೂ ಇತ್ತು. ಅದು ತಾಳಮದ್ದಲೆ.

ಬಯಲುಸೀಮೆಯ ಗೆಳೆಯರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಯಕ್ಷಗಾನದಿಂದ ವೇಷ, ಕುಣಿತ ಎರಡನ್ನೂ ತೆಗೆದರೆ ಉಳಿಯುವುದು ತಾಳಮದ್ದಲೆ. ಭಾಗವತರು, ಚೆಂಡೆ, ಮದ್ದಲೆ, ಎದುರುಬದುರು ಕೂತ ಅರ್ಥಧಾರಿಗಳು, ಇಷ್ಟಿದ್ದರೆ ಆಯಿತು. ಬಾಡಿಗೆ ಕೋಣೆ ಸಾಕು. ಮುಚ್ಚಿದ ಹೋಟೆಲಿನ ನೆಲವೂ ಸಾಕು. ಪದ್ಯ ಪ್ರಸಂಗಕರ್ತನದು. ಅದರ ಮೇಲೆ ಆಡುವ ಮಾತು, ಅಂದರೆ 'ಅರ್ಥ', ಬರೆದಿಟ್ಟದ್ದಲ್ಲ. ಆ ಹೊತ್ತಿನಲ್ಲೇ ಹುಟ್ಟುವಂಥದು. ನಾಟಕದಲ್ಲಿ ಕಂಠಪಾಠ ಒಪ್ಪಿಸಬೇಕು, ಇಲ್ಲಿ ಹುಡುಗ ತನ್ನದನ್ನೇ ಹೇಳಬಹುದು. ಮಳೆಗಾಲದಲ್ಲಿ ಊರಿನಿಂದ ಬರುವ ಕಲಾವಿದರ ಆಟ ನೋಡುವುದು ಬೇರೆ, ತಾನೇ ಕೂತು ಮಾತಾಡುವುದು ಬೇರೆ. ಗುಟ್ಟು ಇರುವುದು ಇಲ್ಲೇ ಅಂತ ನನಗನ್ನಿಸುತ್ತದೆ.

ನನ್ನ ಸೋದರಮಾವ 1968ರಲ್ಲಿ, ಹನ್ನೆರಡನೇ ವಯಸ್ಸಿಗೆ, ಫೋರ್ಟಿನ ಒಂದು ಹೋಟೆಲು ಸೇರಿದವರು. ಅಡುಗೆಮನೆಯ ಪಕ್ಕದಲ್ಲೇ ನಿದ್ದೆ. ತಿಂಗಳಿಗೊಂದು ಕಾಗದ. "'ನಾನು ಕ್ಷೇಮ' ಅಂತ ಬರೆದ ಮೇಲೆ ಮುಂದೆ ಎಂತ ಬರೆಯುವುದು ಮಾರಾಯ? ಅಳು ಬರ್ತದೆ ಅಂತ ಬರೆದ್ರೆ ಅಮ್ಮ ಊಟ ಬಿಡ್ತಾಳೆ," ಅನ್ನುತ್ತಾರೆ. (ಹೊಡೆತ ತಿಂದ ಸುದ್ದಿಯನ್ನು ಅವರು ಪೂರ್ತಿ ಹೇಳಿಲ್ಲ, ನಾನೂ ಕೇಳಿಲ್ಲ.)

ಒಂದು ಶನಿವಾರ ರಾತ್ರಿ 'ಅಭಿಮನ್ಯು ಕಾಳಗ'. ಮಾವ ಅಭಿಮನ್ಯು, ದೋಸೆ ಹೊಯ್ಯುವ ನಡುವಯಸ್ಸಿನ ಭಟ್ಟರು ಸುಭದ್ರೆ. ಯುದ್ಧಕ್ಕೆ ಹೋಗಬೇಡವೆಂದು ತಾಯಿ ತಡೆಯುವ ಸಂದರ್ಭ. ವೀರಾವೇಶದಿಂದ ಮಾತಾಡಬೇಕಾದ ಹುಡುಗ, "ಅಮ್ಮಾ, ನನ್ನನ್ನು ಯಾಕೆ ಕಳಿಸಿದೆ?" ಅಂದುಬಿಟ್ಟರಂತೆ. ಪ್ರಸಂಗದಲ್ಲಿ ಸುಭದ್ರೆ ಕಳಿಸುವವಳೇ ಅಲ್ಲ! ಭಾಗವತರು ಮುಂದಿನ ಪದ್ಯ ಎತ್ತಿ ತಪ್ಪಿಸಬಹುದಿತ್ತು, ಎತ್ತಲಿಲ್ಲ. ಭಟ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆಯಲ್ಲಿ ಅಕ್ಕಿ ಇರಲಿಲ್ಲ, ಮಗಾ" ಅಂದರು. ಶ್ರೀಕೃಷ್ಣನ ತಂಗಿಯ ಮನೆಯಲ್ಲಿ ಅಕ್ಕಿ ಇಲ್ಲ! ಯಾರೂ ನಗಲಿಲ್ಲವಂತೆ.

ಇದರಿಂದ ಸಂಬಳ ಹೆಚ್ಚಲಿಲ್ಲ, ದುಡಿಮೆ ಕಡಿಮೆಯಾಗಲಿಲ್ಲ. 1986ರ ಬಾಲಕಾರ್ಮಿಕ ಕಾಯಿದೆಯ ನಿಷೇಧದ ಪಟ್ಟಿಗೆ ಹೋಟೆಲು ಸೇರಿದ್ದೇ 2006ರಲ್ಲಿ. ಹೀಗೆ ಹುಡುಗರನ್ನು ಸಮಾಧಾನಪಡಿಸಿದರೆ ಅನುಕೂಲವಾಗುವುದು ಧಣಿಗಳಿಗೇ ಅಲ್ಲವೇ ಅಂತ ಮಾವನನ್ನು ಕೇಳಿದೆ.

"ಇರಬಹುದು ಮಾರಾಯ," ಅಂದರು. "ಆದ್ರೆ ಆ ತಿಂಗಳು ಕಾಗದದ ಎರಡೂ ಮಗ್ಗುಲು ಬರೆದೆ."