ಗೊಬ್ಬರ ಹೆಚ್ಚಾದರೆ ಕಡಲಹುಲ್ಲಿಗೆ ಏನಾಗುತ್ತದೆ?

ಅಭ್ಯಾಸ ಬೋಧನೆಯ ವೇಳೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಮ್ಮ ಪ್ರಶಿಕ್ಷಣಾರ್ಥಿಯನ್ನು ಕೇಳಿದಳು: "ಪೋಷಕಾಂಶದಿಂದ ಗಿಡ ಬೆಳೆಯುತ್ತೆ ಅಂದ್ರಿ ಸಾರ್. ಬೈರಮಂಗಲ ಕೆರೆಗೆ ಅಷ್ಟೊಂದು ಬರುತ್ತಲ್ಲ, ಅದು ಕೆಟ್ಟಿದೆ ಅಂತ ಯಾಕಂತಾರೆ?" ಉತ್ತರ ಹೊಳೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಪ್ರಶ್ನೆ ಮಾತ್ರ ಪಾಠಕ್ಕಿಂತ ದೊಡ್ಡದಾಗಿತ್ತು. ಅದಕ್ಕೆ ಒಳ್ಳೆಯ ಉತ್ತರ ಸಿಗುವುದು ಕಡಲಲ್ಲಿ.

ಕಡಲಹುಲ್ಲು ಪಾಚಿಯಲ್ಲ. ಬೇರು, ಹೂವು, ಕಾಯಿ ಎಲ್ಲ ಇರುವ ಸಸ್ಯ. ಕಾಸರಗೋಡಿನ ಕುಂಬಳೆ ಅಳಿವೆಯಲ್ಲಿ ಬೆಳೆಯುವ ಹ್ಯಾಲೊಫಿಲಾ ನಮ್ಮ ಕೆರೆಗಳ ಹೈಡ್ರಿಲ್ಲಾದ ಕುಟುಂಬದ್ದೇ. ಇವು ಎಲೆಯಿಂದಲೂ ಬೇರಿನಿಂದಲೂ ಪೋಷಕಾಂಶ ಹೀರುತ್ತವೆ. ಕೊರತೆ ಯಾವುದರದು ಎಂಬುದು ಬಹುಮಟ್ಟಿಗೆ ತಳದ ಮಣ್ಣಿನ ಮೇಲೆ ನಿಂತಿದೆ. ಹವಳದ ಚೂರಿನ ಸುಣ್ಣದ ಮರಳು ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಅಲ್ಲಿ ರಂಜಕಕ್ಕೆ ಬರ. ನದಿ ತಂದ ಕೆಸರಿನಲ್ಲಿ ಸಾಮಾನ್ಯವಾಗಿ ಸಾರಜನಕಕ್ಕೆ.

ಅಮೆರಿಕದ ಫ್ಲಾರಿಡಾ ಕೊಲ್ಲಿಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗವನ್ನು ಮಕ್ಕಳಿಗೆ ಕಥೆಯಂತೆ ಹೇಳಬಹುದು. ಸುಣ್ಣದ ತಳದ ಹುಲ್ಲುಗಾವಲಿನಲ್ಲಿ ಕಂಬ ನೆಟ್ಟರು. ಹಕ್ಕಿಗಳು ಬಂದು ಕೂತವು, ಹಿಕ್ಕೆ ಹಾಕಿದವು. ಮೊದಲಿಗೆ ಅಲ್ಲಿದ್ದ ಥಲಾಸಿಯಾ ಹುಲ್ಲು ಸೊಂಪಾಯಿತು. ಆದರೆ ವರ್ಷಗಳು ಕಳೆದಂತೆ, ವೇಗವಾಗಿ ಬೆಳೆಯುವ ಹ್ಯಾಲೊಡ್ಯೂಲ್ ಅದರ ಜಾಗ ಹಿಡಿಯಿತು. ಕಂಬ ಕಿತ್ತ ಮೇಲೂ ಎರಡು ದಶಕ ಆ ಗುರುತು ಅಳಿಯಲಿಲ್ಲ.

ಗೊಬ್ಬರ ಇನ್ನೂ ಏರಿದರೆ ಗೆಲ್ಲುವುದು ಯಾವ ಹುಲ್ಲೂ ಅಲ್ಲ, ಪಾಚಿ. ಅದು ನೀರನ್ನು ಹಸಿರಾಗಿಸುತ್ತದೆ, ಎಲೆಗಳ ಮೇಲೂ ಲೇಪದಂತೆ ಕೂರುತ್ತದೆ. ಕಡಲಹುಲ್ಲಿಗೆ ಮೇಲ್ಮೈ ಬೆಳಕಿನ ಸುಮಾರು ಹತ್ತನೇ ಒಂದು ಭಾಗವಾದರೂ ಬೇಕು. ತೇಲುವ ಸೂಕ್ಷ್ಮ ಪಾಚಿಗೆ ನೂರನೇ ಒಂದು ಭಾಗ ಸಾಕು. ಅಂದರೆ ಹುಲ್ಲು ಸಾಯುವುದು ಹೆಚ್ಚಾಗಿ ಬೆಳಕಿನ ಹಸಿವಿನಿಂದ. ವೃಷಭಾವತಿ ಬೆಂಗಳೂರಿನ ಕೊಳಚೆಯನ್ನು ಬೈರಮಂಗಲಕ್ಕೆ ತಂದು ಸುರಿಯುವಾಗಲೂ ಕಥೆ ಇದೇ: ಮೇಲೆ ತೇಲುವ ಕಳೆ ಹಬ್ಬುತ್ತದೆ, ಕೆಳಗೆ ಕತ್ತಲು. ಕಳೆ ಕೊಳೆಯುವಾಗ ನೀರಿನ ಆಮ್ಲಜನಕವೂ ಖರ್ಚಾಗುತ್ತದೆ. ಆ ಹುಡುಗಿ ಹೇಳಿದ್ದು ಸರಿಯೇ, ಅಲ್ಲಿ ಏನೋ ಚೆನ್ನಾಗಿ ಬೆಳೆಯುತ್ತಿದೆ.

ತರಗತಿಯಲ್ಲಿ ಮಾಡಲು ಮೂರು ಗಾಜಿನ ಬಾಟಲಿ, ಕೆರೆ ನೀರು, ಹೈಡ್ರಿಲ್ಲಾ ಸಾಕು. ನಲ್ಲಿ ನೀರು ಬೇಡ, ಪಾಚಿ ಬರುವುದೇ ಕೆರೆ ನೀರಿನಿಂದ. ಒಂದು ಬಾಟಲಿಗೆ ಡಿಎಪಿಯ ಒಂದೆರಡು ಕಾಳು ಮಾತ್ರ ಹಾಕಿ. ಕೈತುಂಬ ಸುರಿದರೆ ಗಿಡ ಅಮೋನಿಯಾದಿಂದಲೇ ಸತ್ತು ಮಕ್ಕಳು ತಪ್ಪು ಕಾರಣ ಬರೆದುಕೊಳ್ಳುತ್ತಾರೆ. ಇನ್ನೊಂದಕ್ಕೆ ಏನೂ ಹಾಕಬೇಡಿ. ಮೂರನೆಯದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ: ಗೊಬ್ಬರವಿಲ್ಲದೆ, ತೆಳು ಬಟ್ಟೆ ಸುತ್ತಿ ಕಿಟಕಿಯಲ್ಲಿಡಿ. ಎರಡು ಮೂರು ವಾರ ಬೇಕು, ಆದ್ದರಿಂದ ಘಟಕದ ಮೊದಲ ದಿನವೇ ಜೋಡಿಸಿ. ಕೊನೆಗೆ ಮೊದಲ ಮತ್ತು ಮೂರನೆಯ ಬಾಟಲಿಯ ಗಿಡಗಳನ್ನು ಅಕ್ಕಪಕ್ಕ ಇಟ್ಟು, ಯಾವುದಕ್ಕೆ ಏನು ಕಡಿಮೆಯಾಯಿತು ಎಂದು ಮಕ್ಕಳನ್ನೇ ಕೇಳಿ.