ಕಾವಲಿ, ಕಂಬ, ತಣ್ಣೀರು

ಕಾದ ಬೀಡಿನ (ಎರಕದ ಕಬ್ಬಿಣದ) ಕಾವಲಿಗೆ ದೋಸೆ ಹುಯ್ಯುವ ಮುಂಚೆ ನೀರು ಚಿಮುಕಿಸಿದರೆ ಏನೂ ಆಗದು. ಅದನ್ನೇ ಒಯ್ದು ನಲ್ಲಿಯ ಕೆಳಗೆ ಹಿಡಿದರೆ ಟಪ್ಪೆಂದು ಸೀಳಬಹುದು. ಬೆಂಕಿ ಬಿದ್ದ ಹಳೆಯ ಕಟ್ಟಡಗಳ ಬೀಡಿನ ಕಂಬ, ಕಟಕಟೆ, ಹೂಬಳ್ಳಿಗಳ ಪಾಡೂ ಇದೇ.

ಬೀಡಿನಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲವಿರುತ್ತದೆ. ಅದರಿಂದಲೇ ಅದು ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ, ಮರಳಿನ ಅಚ್ಚಿನಲ್ಲಿ ಎಲೆಯ ನರನರಕ್ಕೂ ಹರಿಯುತ್ತದೆ. ಆದರೆ ತಣಿಯುವಾಗ ಆ ಇಂಗಾಲ ಗ್ರಾಫೈಟಿನ ಚಕ್ಕೆಗಳಾಗಿ ಒಳಗೇ ಕೂರುತ್ತದೆ. ಒಂದೊಂದು ಚಕ್ಕೆಯೂ ಬಿರುಕಿಗೆ ಹಾಕಿಕೊಟ್ಟ ದಾರಿ. ಮೇಲಿನ ಭಾರವನ್ನು ಬೀಡು ಸಲೀಸಾಗಿ ಹೊರುತ್ತದೆ, ಎಳೆತಕ್ಕೆ ಸೋಲುತ್ತದೆ. ಕಾದ ಕಂಬಕ್ಕೆ ಅಗ್ನಿಶಾಮಕರ ನೀರು ಬಡಿದರೆ ಹೊರಮೈ ಥಟ್ಟನೆ ಕುಗ್ಗುತ್ತದೆ, ಒಳಮೈ ಕುಗ್ಗುವುದಿಲ್ಲ. ಆ ಎಳೆದಾಟದಲ್ಲಿ ಕಂಬ ಸೀಳುತ್ತದೆ.

1897ರಲ್ಲಿ ಮೈಸೂರಿನ ಮರದ ಅರಮನೆ ಸುಟ್ಟುಹೋಯಿತು. 1912ರಲ್ಲಿ ಮುಗಿದ ಹೊಸ ಅರಮನೆಯ ಕಲ್ಯಾಣ ಮಂಟಪಕ್ಕೆ ಗ್ಲ್ಯಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಬೀಡಿನ ಕಂಬಗಳು ಬಂದವು. ಮರದಂತೆ ಕಬ್ಬಿಣ ಉರಿಯದು, ನಿಜ. ಆದರೂ ಬೆಂಕಿಯಲ್ಲಿ ಬೀಡಿನ ಕಂಬಗಳನ್ನು ನಂಬಬೇಡಿ ಎಂದು ಅದಕ್ಕೆ ಅರ್ಧ ಶತಮಾನ ಮೊದಲೇ ಲಂಡನ್ನಿನ ಅಗ್ನಿಶಾಮಕ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಎಚ್ಚರಿಸಿದ್ದ. 1861ರ ಟೂಲಿ ಸ್ಟ್ರೀಟ್ ಬೆಂಕಿಯಲ್ಲಿ ಗೋಡೆ ಕುಸಿದು ಆತನೇ ಪ್ರಾಣಬಿಟ್ಟ.

ಬೆಂಕಿ ಆರಿದ ಮೇಲೆ ದುರಸ್ತಿಗೆ ಬಂದವರು ಮೊದಲು ಬೀಡನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡುತ್ತಾರೆ. ಸಂತೆಯಲ್ಲಿ ನಾವು ಮಡಕೆ ತಟ್ಟುವ ಹಾಗೆಯೇ: ಗಟ್ಟಿಯಿದ್ದರೆ ಠಣ್, ಬಿರುಕಿದ್ದರೆ ಬೊದ್ದು ಸದ್ದು. ಬಿರುಕು ಕಣ್ಣಿಗೆ ಕಾಣಲು ಬಣ್ಣ ತೆಗೆಯಬೇಕು; ಆದರೆ ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಅದನ್ನು ಸುಟ್ಟು ತೆಗೆಯುವಂತಿಲ್ಲ.

ಬಿರುಕು ಸಿಕ್ಕರೆ ವೆಲ್ಡಿಂಗ್ ಮಾಡಿದರಾಯಿತಲ್ಲ ಎನ್ನಬಹುದು. ಕಷ್ಟವಿರುವುದೇ ಅಲ್ಲಿ. ಬೆಸುಗೆಯ ಕಾವನ್ನು ಸುತ್ತಲಿನ ತಣ್ಣನೆಯ ಲೋಹ ಹೀರಿಬಿಡುತ್ತದೆ. ಬೇಗ ತಣಿದ ಅಂಚು ಗಾಜಿನಂತೆ ಪೆಡಸಾಗಿ, ಹಳೆಯ ಬಿರುಕಿನ ಪಕ್ಕದಲ್ಲೇ ಹೊಸದು ಹುಟ್ಟುತ್ತದೆ. ಹಾಗಾಗಿ ಇಡೀ ತುಂಡನ್ನು ಮೊದಲೇ ಕಾಯಿಸಿ, ಬೆಸೆದು, ಬೂದಿಯಲ್ಲೋ ಮರಳಿನಲ್ಲೋ ಹೂತು ನಿಧಾನವಾಗಿ ಆರಿಸಬೇಕು. ನನಗೆ ಹೆಚ್ಚು ಹಿಡಿಸುವುದು ಬೆಂಕಿಯ ಹಂಗಿಲ್ಲದ ಇನ್ನೊಂದು ದಾರಿ: ಬಿರುಕಿಗೆ ಅಡ್ಡಲಾಗಿ ತೂತು ಕೊರೆದು, ಲೋಹದ ಕೀಲಿಗಳನ್ನು ಬಡಿದು ಕೂರಿಸಿ, ಹರಿದ ಬಟ್ಟೆಯಂತೆ ಹೊಲಿದುಬಿಡುವುದು.

ತುಂಡೇ ಕಾಣೆಯಾಗಿದ್ದರೆ ಹೊಸದಾಗಿ ಎರಕ ಹುಯ್ಯಬೇಕು. ಉಳಿದಿರುವ ಹಳೆಯ ಹೂವನ್ನೇ ಮರಳಿಗೆ ಒತ್ತಿ ಅಚ್ಚು ಮಾಡಿದರೆ ಸಾಲದೆ? ಸಾಲದು. ಬೀಡು ಆರುವಾಗ ಶೇಕಡಾ 1ರಷ್ಟು ಕುಗ್ಗುತ್ತದೆ; ಮೀಟರಿನ ಹತ್ತು ತುಂಡು ಜೋಡಿಸಿದರೆ ಕಟಕಟೆಯ ಕೊನೆಯಲ್ಲಿ ಹತ್ತು ಸೆಂಟಿಮೀಟರ್ ಖಾಲಿ! ಅದಕ್ಕೇ ಅಚ್ಚಿನ ಮಾದರಿ ಕೆತ್ತುವವರ ಬಳಿ ಬೇರೆಯೇ ಅಳತೆಪಟ್ಟಿ ಇರುತ್ತದೆ. ಅದರ ಒಂದು ಅಡಿ, ನಮ್ಮ ಅಡಿಗಿಂತ ಇಂಚಿನ ಎಂಟನೇ ಒಂದು ಪಾಲು ಉದ್ದ.