‘ಬೀಳು’ ಅಂತ ಬರೆದಿದ್ದೆ

ಅಮೆರಿಕಕ್ಕೆ ಬಂದ ಅಪ್ಪ-ಅಮ್ಮನನ್ನು ನಯಾಗರಾಗೆ ಕರಕೊಂಡು ಹೋಗೋದು ವಾಡಿಕೆ. ನಾನು ಅಪ್ಪನನ್ನು ಕರಕೊಂಡು ಹೋಗಿದ್ದು ರಸ್ತೆ ಪಕ್ಕದ ಒಂದು ಬೋಳು ದಿಬ್ಬಕ್ಕೆ. ಅದೂ ಬೇಕು ಅಂತ ಹೋಗಿದ್ದಲ್ಲ.

ನಾನಿರೋದು ನ್ಯೂ ಮೆಕ್ಸಿಕೊ ರಾಜ್ಯದ ಆಗ್ನೇಯ ಮೂಲೆಯ ಕಾರ್ಲ್ಸ್‌ಬ್ಯಾಡ್ ಎಂಬ ಸಣ್ಣ ಊರಿನಲ್ಲಿ. ಸುತ್ತ ಚಿವಾವಾ ಮರುಭೂಮಿ, ಅದರ ನಡುವೆ ತೈಲ ಬಾವಿಗಳು. ಸರ್ವೆ ಮಾಡುವ ಒಂದು ಕಂಪನಿಯಲ್ಲಿ ನನ್ನದು ಮ್ಯಾಪ್ ಕೆಲಸ. ಪೈಪ್‌ಲೈನ್ ಎಲ್ಲಿಂದ ಎಲ್ಲಿಗೆ ಹೋಗಬೇಕು, ದಾರಿಯಲ್ಲಿ ಏನೇನಿದೆ ಅಂತ ಉಪಗ್ರಹ ಚಿತ್ರ ನೋಡಿ ಗುರುತು ಹಾಕೋದು. ಹೋದ ವರ್ಷ ಆಗಸ್ಟ್‌ನಲ್ಲಿ ಅಪ್ಪ ಚಳ್ಳಕೆರೆ ಹತ್ತಿರದ ನಮ್ಮ ಹಳ್ಳಿಯಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದರು. ಒಂದು ಭಾನುವಾರ ಟೆಕ್ಸಾಸ್ ಗಡಿಯಾಚೆ ಇರುವ ಗ್ವಾಡಲೂಪ್ ಬೆಟ್ಟ ತೋರಿಸೋಣ ಅಂತ ಹೊರಟೆವು. ಗಡಿ ಹತ್ತಿರ ಬರ್ತಿದ್ದ ಹಾಗೆ ಅಪ್ಪ ಕಿಟಕಿ ಕಡೆ ವಾಲಿದರು.

“ಪುಟ್ಟಿ, ಒಂದ್ನಿಮಿಷ ನಿಲ್ಸು. ಅದೇನು, ಸುಣ್ಣದ ಗುಡ್ಡನಾ?”

“ಸುಣ್ಣ ಅಲ್ಲ ಅಪ್ಪ, ಜಿಪ್ಸಂ.”

“ಜಿಪ್ಸಂ ಅಂದ್ರೆ, ಚೀಲದಲ್ಲಿ ಬರ್ತದಲ್ಲ, ಅದಾ?”

ಅದೇ. ಅಪ್ಪನಿಗೆ ಜಿಪ್ಸಂ ಅಂದರೆ ಶೇಂಗಾ ಹೊಲಕ್ಕೆ ಹಾಕುವ ಪುಡಿ. ಹೂವು ಬಿಟ್ಟು ಕಾಯಿ ಕಟ್ಟೋ ಹೊತ್ತಿಗೆ ಎಕರೆಗೆ ಎರಡು ಕ್ವಿಂಟಲ್. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಗಂಧಕ ಕಾಯಿ ಗಟ್ಟಿಯಾಗೋಕೆ ಬೇಕು. ನಮ್ಮಂಥವರಿಗೆ ಜಿಪ್ಸಂ ಅಂದರೆ ಫ್ಲಾಟಿನ ಫಾಲ್ಸ್ ಸೀಲಿಂಗ್. ಅದನ್ನು ಬಿಸಿ ಮಾಡಿ ಒಳಗಿನ ನೀರು ಹಾರಿಸಿದರೆ ಸಿಗೋದೇ ಪ್ಲಾಸ್ಟರ್ ಆಫ್ ಪ್ಯಾರಿಸ್, ಅಂದರೆ ಪಿಓಪಿ ಗಣೇಶನ ಮೈ.

ಆದರೆ ಚೀಲದಲ್ಲಿ ಬರೋದು ಹೀಗೆ ಕಣ್ಣು ಹಾಯುವಷ್ಟು ದೂರ ನೆಲವಾಗಿ ಹರಡಿದರೆ? ಅಪ್ಪ ಇಳಿದೇಬಿಟ್ಟರು.

ಗೋಡೆಯಲ್ಲಿ ವರ್ಷಗಳ ಲೆಕ್ಕ

ಗಡಿಯ ಹತ್ತಿರ ರಸ್ತೆಗಾಗಿ ದಿಬ್ಬವನ್ನು ಕಡಿದಿದ್ದಾರೆ. ಕಡಿದ ಗೋಡೆಯ ಮೇಲೆ ಬಿಳಿ ಗೆರೆ, ಕಪ್ಪು ಗೆರೆ, ಮತ್ತೆ ಬಿಳಿ, ಮತ್ತೆ ಕಪ್ಪು. ಒಂದೊಂದು ಜೋಡಿ ಒಂದೆರಡು ಮಿಲಿಮೀಟರ್ ದಪ್ಪ ಇರಬಹುದು. ಸುಮಾರು 26 ಕೋಟಿ ವರ್ಷದ ಹಿಂದೆ ಇಲ್ಲಿ ಸಮುದ್ರವಿತ್ತು. ಹೊರಗಿನ ಕಡಲಿನ ಸಂಪರ್ಕ ಕಡಿಮೆಯಾಗುತ್ತಾ ಬಂದು, ಬಿಸಿಲಿಗೆ ನೀರು ಆವಿಯಾಗಿ, ಕರಗಿದ್ದೆಲ್ಲ ತಳಕ್ಕೆ ಕೂತಿತು. ಬಿಳಿ ಪದರ ಜಿಪ್ಸಂ. ಕಪ್ಪು ಪದರ ಸುಣ್ಣಕಲ್ಲಿನ ಅಂಶ ಮತ್ತು ಸತ್ತ ಜೀವಿಗಳ ಉಳಿಕೆ. ಒಂದು ಜೋಡಿ ಅಂದರೆ ಒಂದು ವರ್ಷ. ಭೂವಿಜ್ಞಾನಿಗಳು ಬಾವಿ ಕೊರೆದು ತೆಗೆದ ಕಲ್ಲಿನಲ್ಲಿ ಎಣಿಸಿ, ಸುಮಾರು 2,60,000 ವರ್ಷಗಳ ಲೆಕ್ಕ ಸಿಕ್ಕಿದೆ ಅಂತ ಬರೆದಿದ್ದಾರೆ. ನೂರು ಕಿಲೋಮೀಟರ್ ದೂರದ ಎರಡು ಬಾವಿಗಳ ಗೆರೆಗಳೂ ಒಂದಕ್ಕೊಂದು ತಾಳೆಯಾಗುತ್ತವಂತೆ.

ಅಪ್ಪ ಒಂದು ಚೂರನ್ನು ಉಗುರಿನಿಂದ ಕೆರೆದರು. ಗೀರು ಬಿತ್ತು. ಜಿಪ್ಸಂ ಅಷ್ಟು ಮೆತ್ತಗಿನ ಕಲ್ಲು. ನೀರಿಗೂ ಕರಗುತ್ತದೆ, ಲೀಟರಿಗೆ ಎರಡು ಗ್ರಾಂನಷ್ಟು. ಕಡಿಮೆ ಅನ್ನಿಸಬಹುದು. ಆದರೆ ಸಾವಿರಾರು ವರ್ಷದ ಮಳೆ ಹೀಗೆ ಕರಗಿಸಿ ಕರಗಿಸಿ ಇಲ್ಲಿ ಗುಂಡಿ, ಗುಹೆಗಳನ್ನೇ ಮಾಡಿಬಿಟ್ಟಿದೆ.

ನಾಲ್ಕು ಬೆರಳು ಮಣ್ಣು

ರಸ್ತೆಗೆ ತಾಗಿದ ಹಸಿ ಜಾಗದಲ್ಲಿ ಅಪ್ಪ ಒಂದು ಕಡ್ಡಿ ಚುಚ್ಚಿ ನೋಡಿದರು. ನಾಲ್ಕು ಬೆರಳಿನಷ್ಟು ಇಳಿದು ಟಕ್ ಅಂತ ನಿಂತಿತು.

“ಇಷ್ಟೇ ಮಣ್ಣು. ಕೆಳಗೆ ಕಲ್ಲು. ಇದರಲ್ಲಿ ಏನು ಬೆಳೀತದೆ?”

ಬೆಳೆಯೋದು ಕಷ್ಟವೇ. ಶೇಂಗಾಕ್ಕೆ ಚಿಟಿಕೆಯಷ್ಟು ಒಳ್ಳೇದಾದ ವಸ್ತು ಇಲ್ಲಿ ನೆಲವೇ ಆಗಿದೆ. ಕ್ಯಾಲ್ಸಿಯಂ, ಗಂಧಕ ವಿಪರೀತ. ಸಾರಜನಕ, ರಂಜಕ ತೀರಾ ಕಡಿಮೆ. ಒಣಗಿದರೆ ಮೇಲ್ಭಾಗ ಗಟ್ಟಿಯಾಗಿ ಮೊಳಕೆ ಮೇಲೇಳೋದೂ ಕಷ್ಟ, ಬೇರು ಇಳಿಯೋದೂ ಕಷ್ಟ. ಮಳೆಯೋ ವರ್ಷಕ್ಕೆ 300ರಿಂದ 350 ಮಿ.ಮೀ., ಅದರಲ್ಲಿ ಹೆಚ್ಚಿನದು ಜುಲೈನಿಂದ ಸೆಪ್ಟೆಂಬರ್ ಒಳಗೆ. ಪಕ್ಕದ ಸುಣ್ಣಕಲ್ಲಿನ ಜಲ್ಲಿ ನೆಲದಲ್ಲಿ ಸೊಂಪಾಗಿರುವ ಕ್ರಿಯೋಸೋಟ್ ಪೊದೆ ಇಲ್ಲಿಗೆ ಬಂದರೆ ವಿರಳವಾಗುತ್ತದೆ.

ಆದರೂ ಆಗಸ್ಟ್ ಮಳೆಗೆ ದಿಬ್ಬದ ಮೇಲೆ ತೆಳು ಹಸಿರು ಇತ್ತು. ಗಿಡ್ಡ ಹುಲ್ಲು, ಗುಂಪು ಗುಂಪಾಗಿ. ಇಲ್ಲಿಯವರು ಇದನ್ನು ಜಿಪ್ ಗ್ರಾಮ ಅಂತಾರೆ. ನೆಲಕ್ಕೆ ಅಂಟಿಕೊಂಡಂತೆ ಹಬ್ಬಿ, ಕಡಲೆಬೇಳೆಗಿಂತ ಚಿಕ್ಕ ನಸುನೇರಳೆ ಹೂ ಬಿಡುವ ಕೋಲ್ಡೀನಿಯಾ ಅನ್ನೋ ಗಿಡವೂ ಇತ್ತು. ಇಂಥ ಕೆಲವು ಗಿಡಗಳು ಜಿಪ್ಸಂ ನೆಲ ಬಿಟ್ಟು ಬೇರೆಲ್ಲೂ ಬದುಕೋದೇ ಇಲ್ಲ. ಈ ಜಿಲ್ಲೆಯ ಕೆಲವೇ ಜಿಪ್ಸಂ ಗುಡ್ಡಗಳಲ್ಲಿ ಬೆಳೆಯುವ, ಹಳದಿ ಹೂವಿನ ಒಂದು ಕಾಡು ಬಕ್‌ವೀಟ್ ಇದೆ. ಅಮೆರಿಕ ಸರ್ಕಾರ 1981ರಲ್ಲೇ ಅದನ್ನು ಅಪಾಯದಂಚಿನ ಸಸ್ಯಗಳ ಪಟ್ಟಿಗೆ ಸೇರಿಸಿದೆ.

ನೀರು ಎಲ್ಲಿಂದ ಸಿಗುತ್ತೆ? ಇದಕ್ಕೆ ಸ್ಪೇನ್‌ನ ಜಿಪ್ಸಂ ಗುಡ್ಡಗಳಿಂದ ಒಂದು ಸೋಜಿಗದ ಉತ್ತರ ಬಂದಿದೆ. ಜಿಪ್ಸಂನ ತೂಕದಲ್ಲಿ ಐದನೇ ಒಂದು ಭಾಗ ಹರಳಿನೊಳಗೆ ಸೇರಿಹೋದ ನೀರು. ಅಲ್ಲಿನ ಒಂದು ಚಿಕ್ಕ ಪೊದೆ ಬೇಸಿಗೆಯಲ್ಲಿ ಬಳಸುವ ನೀರಿನಲ್ಲಿ ಶೇಕಡ 70ರಿಂದ 90 ಭಾಗ ಈ ಹರಳಿನ ನೀರೇ ಅಂತ 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕಲ್ಲನ್ನೇ ಕುಡಿದು ಬದುಕೋದು ಅಂದರೆ ಇದೇ ತಾನೆ?

ಕಾಲಡಿ ಏನೋ ಮುರಿಯಿತು

ಫೋಟೊ ತೆಗೆಯೋಕೆ ಅಂತ ನಾನು ದಿಬ್ಬದ ಮೇಲೆ ನಾಲ್ಕು ಹೆಜ್ಜೆ ಹೋದೆ. ಹಪ್ಪಳ ಮುರಿದ ಹಾಗೆ ಸದ್ದು. ತಿರುಗಿ ನೋಡಿದರೆ ಕಪ್ಪು ಬೂದು ಬಣ್ಣದ ಉಬ್ಬುತಗ್ಗಿನ ನೆಲದಲ್ಲಿ ನನ್ನ ನಾಲ್ಕು ಹೆಜ್ಜೆ ಬೆಳ್ಳಗೆ ಕಾಣುತ್ತಿದ್ದವು.

ಅದು ಒಣ ಮಣ್ಣಲ್ಲ, ಜೀವ ಇರುವ ಪದರ. ಸಯನೋಬ್ಯಾಕ್ಟೀರಿಯಾ, ಪಾಚಿ, ಕಲ್ಲುಹೂವು ಎಲ್ಲ ಹೆಣೆದುಕೊಂಡು ಮಣ್ಣಿಗೆ ಚರ್ಮದ ಹಾಗೆ ಕೂತಿರುತ್ತವೆ. ಹೌದು, ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗವೇ. ಗಾಳಿಗೆ ಮಣ್ಣು ಹಾರದ ಹಾಗೆ ಹಿಡಿಯೋದು, ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸೋದು ಅವುಗಳ ಕೆಲಸ. ಒಮ್ಮೆ ಒಡೆದರೆ ಪೂರ್ತಿ ಮೊದಲಿನ ಹಾಗಾಗೋಕೆ ದಶಕಗಳೇ ಬೇಕು. ಮೇಲಿನ ಚರ್ಮ ಹೋದರೆ ಆ ನಾಲ್ಕು ಬೆರಳು ಮಣ್ಣನ್ನು ಗಾಳಿ, ಮಳೆ ಒಯ್ಯುತ್ತವೆ. ಉಳಿಯೋದು ಬರೀ ಕಲ್ಲು.

ಇದೆಲ್ಲ ನನಗೆ ಗೊತ್ತಿತ್ತು. ಓದಿದ್ದೆ. ಆದರೂ ಎರಡು ವಾರದ ಹಿಂದೆಯಷ್ಟೇ ಇಂಥದ್ದೇ ನೆಲದ ಮೇಲೆ ಹಾದುಹೋಗುವ ಒಂದು ಪೈಪ್‌ಲೈನ್ ಮ್ಯಾಪ್ ಮಾಡಿದ್ದೆ. ಕಂಪನಿಯ ಫಾರ್ಮ್‌ನಲ್ಲಿ ‘ನೆಲದ ಬಗೆ’ ಅಂತ ಒಂದು ಕಾಲಂ. ಚಿತ್ರದಲ್ಲಿ ಬೆಳ್ಳಗೆ ಕಂಡಿದ್ದಕ್ಕೆಲ್ಲ ‘ಬೋಳು, ಸಸ್ಯ ಇಲ್ಲ’ ಅಂತ ತುಂಬಿ ಕಳಿಸಿದ್ದೆ. ನಮ್ಮ ಕಡೆ ಮಾತಲ್ಲಿ ಹೇಳೋದಾದರೆ ಬೀಳು. ಸಸ್ಯ ಇಲ್ಲ ಅಂದಮೇಲೆ ಗಿಡ ಹುಡುಕೋಕೆ ಯಾರನ್ನೂ ಕಳಿಸಬೇಕಾಗಿಲ್ಲ. ನಾಲ್ಕು ಹೆಜ್ಜೆಗೇ ಹೀಗಾದರೆ ಲಾರಿ, ಜೆಸಿಬಿ ಹೋದರೆ?

ಅಪ್ಪನಿಗೆ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಹುಲ್ಲನ್ನೇ ನೋಡುತ್ತಾ, “ನಮ್ಮ ಮೇಲಿನ ಮೂರೆಕರೆಗೂ ನೀನೂ ನಿನ್ನ ಅಣ್ಣನೂ ಹಂಗೇ ಅಂತೀರಲ್ಲ” ಅಂದರು.

ಸರಿಯಾಗೇ ತಾಗಿತು. ಊರಿನ ದಿಣ್ಣೆ ಮೇಲೆ ನಮ್ಮದೊಂದು ಮೂರೆಕರೆ ಇದೆ. ತೆಳು ಕೆಂಪು ಮಣ್ಣು, ಕೆಳಗೆ ಕಲ್ಲು. ಬೀಳು ಬಿದ್ದಿದೆ, ಮಾರಿಬಿಡು ಅಂತ ಎರಡು ವರ್ಷದಿಂದ ನಾವಿಬ್ಬರೂ ಫೋನಿನಲ್ಲಿ ಅವರ ಬೆನ್ನು ಹತ್ತಿದ್ದೆವು.

“ಅದು ಬೀಳು ಬಿದ್ದಿದ್ದಲ್ಲ ಪುಟ್ಟಿ. ಹುಲ್ಲಿಗೆ ಅಂತ ಬಿಟ್ಟಿದ್ದು. ಅದು ಬಿಟ್ರೆ ಬೇಸಿಗೇಲಿ ಮೂರು ಮನೆ ಕುರಿಗೆ ಬೇರೆ ಗತಿ ಇಲ್ಲ. ಉತ್ತು ನೋಡಿದ್ರು ನಿಮ್ಮ ತಾತ. ಒಂದೇ ಮಳೆಗೆ ಮಣ್ಣು ಹಳ್ಳಕ್ಕೆ ಹೋಯ್ತು. ಆಮೇಲೆ ಮುಟ್ಟಲಿಲ್ಲ.”

ಈ ಕಥೆ ನನಗೆ ಯಾರೂ ಹೇಳಿರಲಿಲ್ಲ. ಅಥವಾ ನಾನೇ ಕೇಳಿರಲಿಲ್ಲ. ಚಳ್ಳಕೆರೆ ಸೀಮೆಯಲ್ಲಿ ಹುಟ್ಟಿ, ಅಮೃತಮಹಲ್ ಕಾವಲಿನ ಪಕ್ಕದಲ್ಲೇ ಬೆಳೆದವಳು ನಾನು. ಹುಲ್ಲುಗಾವಲನ್ನು ಖಾಲಿ ಜಾಗ ಅಂತ ಕರೆಯೋದನ್ನು ಎಲ್ಲಿ ಕಲಿತೆನೋ.

ಆ ಕಾಲಂ

ಸೋಮವಾರ ಆಫೀಸಿಗೆ ಹೋಗಿ ಮ್ಯಾನೇಜರ್‌ಗೆ ಮೇಲ್ ಬರೆದೆ. ನಾನು ತುಂಬಿದ ಕಾಲಂ ತಪ್ಪು, ನೆಲದ ಮೇಲೆ ನಡೆದು ನೋಡದೆ ಹಾಗೆ ಬರೆಯಬಾರದಿತ್ತು, ಗಿಡ ಬಲ್ಲವರನ್ನು ಕಳಿಸಬೇಕು ಅಂತ. ಕಳಿಸುವ ಮೊದಲು ಎರಡು ಸಲ ಡಿಲೀಟ್ ಮಾಡಿದ್ದೆ. ವೀಸಾ ಮೇಲಿರುವವರಿಗೆ ಈ ಭಯ ಅರ್ಥವಾಗುತ್ತೆ. ಉತ್ತರ ಬಂತು: “ಇದರಿಂದ ಕೆಲಸ ತಡವಾಗುತ್ತೆ, ಗೊತ್ತಲ್ಲ?” ಗೊತ್ತು ಅಂದೆ.

ಸಸ್ಯ ಬಲ್ಲವರೊಬ್ಬರು ಬಂದು ಮೂರು ದಿನ ನಡೆದು ನೋಡಿದರು. ಆ ಅಪರೂಪದ ಬಕ್‌ವೀಟ್ ಸಿಗಲಿಲ್ಲ. ಜಿಪ್ಸಂ ಹುಲ್ಲು, ಜೀವಪದರ ಚೆನ್ನಾಗಿರುವ ಕಡೆ ಮಾರ್ಗವನ್ನು ಈಗಿರುವ ರಸ್ತೆಯ ಪಕ್ಕಕ್ಕೆ ಸರಿಸಲು ಶಿಫಾರಸು ಮಾಡಿದರು. ಅರ್ಧದಷ್ಟು ಸರಿಯಿತು. ಉಳಿದರ್ಧ ಮೊದಲು ಗೆರೆ ಎಳೆದಲ್ಲೇ ಹೋಯಿತು. ನನಗೆ ಬೈಗುಳವೂ ಸಿಗಲಿಲ್ಲ, ಶಹಬ್ಬಾಸ್ ಕೂಡ ಸಿಗಲಿಲ್ಲ. ಅದಾದಮೇಲೆ ಆ ಕಾಲಂನಲ್ಲಿ ‘ಬೋಳು’ ಅಂತ ಬರೆಯೋ ಮುಂಚೆ ಒಂದು ಸಲ ಗಾಡಿ ತೆಗೆದುಕೊಂಡು ಹೋಗಿ ನೋಡಿ ಬರುತ್ತೇನೆ.

ಅಪ್ಪ ಅಕ್ಟೋಬರ್‌ನಲ್ಲಿ ವಾಪಸ್ ಹೋದರು. ಸೂಟ್‌ಕೇಸಿನಲ್ಲಿ ನೆಂಟರಿಗೆ ಚಾಕೊಲೇಟ್, ಅಮ್ಮನಿಗೆ ಸ್ವೆಟರ್. ದಿಬ್ಬದ ಗೆರೆಗಳ ಫೋಟೊ ಅವರ ಫೋನಿನಲ್ಲಿದೆ. ಜಿಪ್ಸಂ ಅಂಗಡಿಯವನಿಗೂ ತೋರಿಸಿದರಂತೆ, ಅವನು ನಂಬಲಿಲ್ಲವಂತೆ.

ಮೂರೆಕರೆಯ ವಿಷಯವನ್ನು ನಾನು ಮತ್ತೆ ಎತ್ತಿಲ್ಲ. ಅಣ್ಣ ಇನ್ನೂ ಎತ್ತುತ್ತಾನೆ. ಮೊನ್ನೆ ಅಪ್ಪನಿಗೆ ಫೋನ್ ಮಾಡಿದಾಗ ಕೇಳಿದೆ, “ಅಪ್ಪ, ಮೇಲಿನ ಹೊಲದಲ್ಲಿ ಇರೋ ಹುಲ್ಲಿಗೆಲ್ಲ ಹೆಸರು ಏನೇನು?”

ಆ ಕಡೆಯಿಂದ ಒಂದು ಗಳಿಗೆ ಮಾತಿಲ್ಲ. ಆಮೇಲೆ, “ಬರ್ಕೋ” ಅಂದರು.